ಸ್ಪೀಕರಿಗೆ ಬೇಕಾದ ಜಾಗ

ಮೇ 4, ಬೆಳಿಗ್ಗೆ
ಕಾಲರ್ ಮೂವತ್ತೆರಡು ಆಯಿತು. ಇನ್ನೂ ಎಂಬತ್ತೆಂಟು. ಶಾಲೆಯ ಯೂನಿಫಾರ್ಮ್ ಇಪ್ಪತ್ತೈದನೇ ತಾರೀಖಿಗೆ ಕೊಡಬೇಕು. ಸರಿಯಾಗಿ ಕೊಟ್ಟರೆ ಮುಂದಿನ ವರ್ಷದ್ದೂ ನಿಮಗೇ ಅಂದಿದ್ದಾರೆ ಹೆಡ್ ಮೇಡಂ. ಅದೊಂದು ಸಿಕ್ಕಿಬಿಟ್ಟರೆ ನಾನೂ ಟೈಲರ್ ಅಂತ ಬೋರ್ಡ್ ಹಾಕಬಹುದು.

ಹಾಲ್‌ನಲ್ಲಿ ಇವರ ಹೊಸ ಸ್ಪೀಕರ್. ಬಂದು ಹತ್ತು ದಿನ. ಹಾಡು ಚೆನ್ನಾಗಿಯೇ ಕೇಳುತ್ತೆ, ಸುಳ್ಳು ಹೇಳಬಾರದು. ಇವರ ಗೆಳೆಯ ಬಂದವನು ಸುತ್ತ ನೋಡಿ, "ಇಷ್ಟು ಒಳ್ಳೆ ಸೆಟ್ಟು, ಗೋಡೌನ್‌ನಲ್ಲಿ ಇಟ್ಟಿದ್ದೀಯಲ್ಲೋ!" ಅಂದ. ಗೋಡೌನ್ ಅಂದರೆ ನನ್ನ ಬಟ್ಟೆ ಥಾನುಗಳು, ಚಿಂದಿ ಮೂಟೆಗಳು. ಗೋಡೆಯುದ್ದಕ್ಕೂ ಎದೆಮಟ್ಟ ಇವೆ, ನಿಜ. ಬೇರೆ ಎಲ್ಲಿಡಲಿ?

ಮೇ 5
ಎಲ್ಲ ಬಾಲ್ಕನಿಗೆ. ಹೊಲಿಗೆ ಮೆಷಿನ್ ಕೂಡ. ಇವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಜಮಖಾನವನ್ನೂ ಸುತ್ತಿಟ್ಟರು, ಧೂಳಂತೆ. "ಸೌಂಡ್‌ಗೆ ಜಾಗ ಬೇಕು ಕಣೆ." ನನಗೆ ಬೇಡವಾ?

ಮೇ 9, ಮಧ್ಯಾಹ್ನ
ಬಿಸಿಲು ನೆತ್ತಿ ಸುಡುತ್ತಿದೆ. ಅಳತೆ ಕಾಗದ ಗಾಳಿಗೆ ಹಾರಿ ಪಕ್ಕದ ಮನೆಯ ಮೇಲೆ.

ಒಳಗೆ ಹಾಡು ಒಂದೇ ಗದ್ದಲ. ಅತ್ತೆ ಕಿವಿ ಚುರುಕು. "ಬಚ್ಚಲುಮನೇಲಿ ಕೂತು ಹಾಡಿದ ಹಾಗಿದೆ ಕಣೋ, ಮಾತೇ ತಿಳೀತಿಲ್ಲ" ಅಂದರು ಮಗನಿಗೆ. ಇವರ ಮುಖ ಗಂಟು. ಗೆಳೆಯನಿಗೆ ಫೋನ್. ವೈರ್ ಸಣ್ಣದಂತೆ.

ಮೇ 14
ಹೆಬ್ಬೆರಳು ದಪ್ಪದ ವೈರ್ ಬಂತು. ಇವತ್ತಿನಿಂದ ಆ ಗೆಳೆಯ ನನ್ನ ಪಾಲಿಗೆ ವೈರಣ್ಣ. ಇಬ್ಬರೂ ಕಣ್ಣು ಮುಚ್ಚಿ ಕೂತರು.

"ವ್ಯತ್ಯಾಸ ಕೇಳಿಸ್ತಾ?" ಅಂದ ವೈರಣ್ಣ.

"ಅಬ್ಬಾ!"

ಅತ್ತೆ ಸುಮ್ಮನಿರಬೇಕಲ್ಲ. "ಬಚ್ಚಲುಮನೆಗೆ ಹೊಸ ವೈರ್ ಹಾಕಿಸಿದ ಹಾಗಾಯ್ತು."

ನಕ್ಕುಬಿಟ್ಟೆ. ಇವರು ಊಟಕ್ಕೇ ಏಳಲಿಲ್ಲ.

ಮೇ 19
ಆಂಪ್ಲಿಫೈಯರ್ ಬದಲಾಯಿತು. ಬಚ್ಚಲುಮನೆ ಬದಲಾಗಲಿಲ್ಲ.

ಮೇ 21
ಹಾಳಾಯಿತು. ಹದಿನೆಂಟು ಶರ್ಟಿಗೆ ಎರಡೂ ತೋಳು ಎಡಗಡೆಯವೇ ಕತ್ತರಿಸಿದ್ದೇನೆ! ಹಾಲ್‌ನಲ್ಲಾದರೆ ಬಟ್ಟೆಯನ್ನು ಅಗಲಕ್ಕೆ ಜೋಡಿ ಮಡಚಿ ಹಾಸುತ್ತಿದ್ದೆ, ಎಡ-ಬಲ ಒಟ್ಟಿಗೇ ಬರುತ್ತಿತ್ತು. ಇಲ್ಲಿ ಕಾಲು ಚಾಚಲೂ ಜಾಗವಿಲ್ಲ. ತುಂಡು ತುಂಡು ಎಲ್ಲ ಒಂದೇ ಮಗ್ಗುಲಿಗೆ ಪೇರಿಸಿ ಕತ್ತರಿ ಆಡಿಸಿದೆ. ಎಷ್ಟು ವರ್ಷದ ಕೈ ಇದು... ಅತ್ತುಬಿಟ್ಟೆ.

ಒಳಗಿನಿಂದ ಇವರು: "ಸ್ವಲ್ಪ ಮೆಷಿನ್ ನಿಲ್ಲಿಸ್ತೀಯಾ? ಬೇಸ್ ಕೇಳ್ತಾ ಇದೀನಿ."

ಮೇ 29
ನಾಲ್ಕು ದಿನ ತಡವಾಗಿ ಕೊಟ್ಟೆ. ಹೆಡ್ ಮೇಡಂ ಬೈಯಲಿಲ್ಲ. "ಮುಂದಿನ ವರ್ಷ ಬೇರೆಯವರನ್ನ ನೋಡ್ತೀವಮ್ಮ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಜೂನ್ 2, ಸಂಜೆ
ಸ್ಪೀಕರ್ ಅಂಗಡಿಯ ಮೆಕ್ಯಾನಿಕ್ ಬಂದಿದ್ದ. ಏನನ್ನೂ ಬಿಚ್ಚಲಿಲ್ಲ. ಹಾಲ್ ನಡುವೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದ. ಸದ್ದು ಟಣ್ ಅಂತ ಗೋಡೆಯಿಂದ ಗೋಡೆಗೆ ಓಡಾಡಿತು.

"ಸೆಟ್ಟು ಸರಿ ಇದೆ ಸಾರ್, ಹಳೇ ವೈರೇ ಸಾಕಾಗಿತ್ತು. ಬೋಳು ಗೋಡೆ, ಬೋಳು ನೆಲ. ಮೊದಲು ಇಲ್ಲಿ ಏನಿತ್ತು?"

"ನನ್ನ ಬಟ್ಟೆ ಇತ್ತು" ಅಂದೆ.

"ತೆಗೆದುಬಿಟ್ರಾ? ಬಟ್ಟೆ ಸದ್ದು ಹೀರುತ್ತೆ, ಚೆನ್ನಾಗಿ ಕೇಳ್ತಾ ಇದ್ದಿದ್ದೇ ಅದರಿಂದ!"

ಆಮೇಲೆ ಇವರು ಮೆತ್ತಗೆ, "ಆ ಮೂಟೆಗಳನ್ನ ವಾಪಸ್ ಇಡೋಣ್ವಾ?" ಯಾವ ಮೂಟೆ? ಬಟ್ಟೆ ಶರ್ಟಾಗಿ ಶಾಲೆಗೆ ಹೋಯಿತು, ಚಿಂದಿ ಗುಜರಿಗೆ. ಇನ್ನು ಬರುವುದೂ ಇಲ್ಲ. ಯಾಕೆ ಅಂತ ಹೇಳಿದೆ. ತೋಳಿನ ವಿಷಯ, ಮೇಡಂ ವಿಷಯ, ಎಲ್ಲ. ಹೂಂ ಹೂಂ ಅಂದರು. ಕಣ್ಣು ಮಾತ್ರ ಗೋಡೆಯ ಮೇಲೇ.

ಜೂನ್ 4
ವ್ಯಾನಿನಲ್ಲಿ ಏಳು ಥಾನು ಬಂದವು. ದಪ್ಪ ಕಾಟನ್, ಕಡುನೀಲಿ. ನನಗೇ ಅಂದುಕೊಂಡೆ — ಎಂಥ ಹುಚ್ಚಿ ನಾನು. ಇವರೇ ಗೋಡೆಗೆ ಒರಗಿಸಿ ಜೋಡಿಸಿದರು. ಹಾಡು ಹಾಕಿದರು. ಅತ್ತೆಗೆ ಒಂದೊಂದು ಮಾತೂ ತಿಳಿಯಿತು.

"ನೋಡು, ಇದಕ್ಕೆ ಮಾತ್ರ ಕತ್ತರಿ ಹಾಕಬೇಡ."

ಮೆಷಿನ್ ಇನ್ನೂ ಬಾಲ್ಕನಿಯಲ್ಲೇ. ಮೈಯೆಲ್ಲ ಉರಿಯಿತು.

ಜೂನ್ 5, ಬೆಳಿಗ್ಗೆ ಹತ್ತು
ಇವರು ಆಫೀಸಿಗೆ ಹೋದರು. ಮೆಷಿನ್ ಒಳಗೆ ತಂದೆವು, ಒಂದು ಕಡೆ ಅತ್ತೆ ಹಿಡಿದರು. ಎದುರಿನ ಕ್ಲಿನಿಕ್ಕಿಗೆ ಹದಿನಾರು ಪರದೆ ಬೇಕಂತೆ, ಬೆಳಿಗ್ಗೆ ಕೇಳಿಕೊಂಡು ಬಂದೆ. ಮೊದಲ ಥಾನು ಹಾಲ್ ತುಂಬ ಹಾಸಿದ್ದೇನೆ. ಒಳ್ಳೆ ನೇಯ್ಗೆ.

"ಸಂಜೆ ಅವನು ಕೇಳಿದ್ರೆ ಏನು ಹೇಳ್ತೀಯೇ?" ಅಂದರು ಅತ್ತೆ, ಅಳತೆ ಟೇಪಿನ ಆ ತುದಿ ಹಿಡಿದುಕೊಂಡೇ.

ಹೇಳಿದರಾಯಿತು. ಮೊದಲು ಇದೊಂದು ಅಂಚು ನೇರ ಕತ್ತರಿಸಿ—