ಆ ಬಟನ್ ಇಲ್ಲದ ಗಾಡಿ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಎರಡು ಮನೆ ಮುಗಿಸಿದೆ. ಮಂಡಿ ಆಪರೇಷನ್ ಆದ ಮೇಷ್ಟ್ರು, ಆಮೇಲೆ ಭುಜ ಎತ್ತಲಾಗದ ಟೈಲರ್. ಮೇಷ್ಟ್ರು ಇವತ್ತು ಕಾಲು ಚೆನ್ನಾಗಿ ಮಡಿಸಿದರು, ನನ್ನನ್ನು ಬೈದುಕೊಂಡೇ. ಮೂರನೆಯ ಮನೆಗೆ ಬಸ್ಸು ಸಿಗಲಿಲ್ಲ. ಬ್ಯಾಗು, ಬೆಲ್ಟುಗಳು, ಆ ದೊಡ್ಡ ರಬ್ಬರ್ ಚೆಂಡು — ಎಲ್ಲಾ ಹೊತ್ತುಕೊಂಡು ನಡೆದೆ. ಫಿಸಿಯೋಥೆರಪಿ ಮಾಡುವವಳಿಗೇ ಸೊಂಟ ಹಿಡಿದಿದೆ. ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಇದೆ. ಕೀ ಮಾತ್ರ ಯಾರೂ ಕೊಡುವುದಿಲ್ಲ.

ಸಂಜೆ ಇವರು ಕಾಫಿ ಕುಡಿಯುತ್ತಾ ಹೊಸ ಗಾಡಿಯ ಮಾತು ತೆಗೆದರು. ಫೋರ್ ವೀಲ್ ಡ್ರೈವ್ ಬೇಕಂತೆ. ತೀರಾ ದೊಡ್ಡದೂ ಬೇಡ, ಚಿಕ್ಕದೂ ಬೇಡ. ದಿನದ ಓಡಾಟಕ್ಕೂ ಆಗಬೇಕು, ರಜೆ ಸಿಕ್ಕರೆ ಕಾಡು-ಗುಡ್ಡ ಸುತ್ತಲಿಕ್ಕೂ ಆಗಬೇಕು. ಇವರ ಅಕ್ಕ, ಅಂದರೆ ನನ್ನ ನಾದಿನಿ, ಗುಡ್ಡದ ತುದಿಯಲ್ಲಿ ಮನೆ ಕಟ್ಟಿಸಿದಾಗಿನಿಂದ ಹಿಡಿದ ಹುಚ್ಚು. ನಮ್ಮ ಪುಟ್ಟ ಕಾರು ಅಲ್ಲಿಗೆ ಹತ್ತುವುದಿಲ್ಲ. ಕೆಳಗೇ ನಿಲ್ಲಿಸಿ, ಅಕ್ಕನ ಜೀಪು ಬರುವವರೆಗೆ ಕಾಯಬೇಕು.

ಅತ್ತೆ ತಕ್ಷಣ, "ತಗೋಪ್ಪ, ಬೇಡ ಅನ್ನಲ್ಲ. ಆದ್ರೆ ಕೀ ಇವಳ ಕೈಗೆ ಕೊಡ್ಬೇಡ. ನಿಮ್ಮಪ್ಪನ ಕಾರಿಗೆ ಏನ್ ಗತಿ ಕಾಣಿಸಿದ್ಲು ಗೊತ್ತಲ್ಲ" ಎಂದರು.

ಇವರು ನಕ್ಕರು. ನಕ್ಕರು!

ಫೆಬ್ರವರಿ 4

ನಿನ್ನೆ ಇವರು ನಕ್ಕರಲ್ಲ. ಇಲ್ಲಿಯಾದರೂ ನೆಟ್ಟಗೆ ಬರೆದಿಡುತ್ತೇನೆ.

ಆವತ್ತು ಕಾರು ಓಡಿಸುತ್ತಿದ್ದದ್ದು ನಾನಲ್ಲ. ಇವರು. ತೀರಿಹೋದ ಮಾವನವರ ಕಾರು. ಇಳಿಜಾರು, ತಿರುವು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದರು. ಕಾರು ಚರಂಡಿ ಹಾರಿ ಕಲ್ಲಿನ ಗೋಡೆಗೆ ಹೋಗಿ ಗುದ್ದಿತು. ನಮ್ಮಿಬ್ಬರಿಗೂ ಏನೂ ಆಗಲಿಲ್ಲ. ಕಾರು ಮಾತ್ರ ಗುಜರಿಗೆ ಹೋಯಿತು. ಇಳಿದ ಕೂಡಲೇ ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಓಡಿಸ್ತಿದ್ದೆ ಅಂತ ಹೇಳ್ಬಿಡೇ. ನನ್ನ ಕೆಲ್ಸ ಹೋಗತ್ತೆ, ಮಾನಾನೂ ಹೋಗತ್ತೆ" ಎಂದರು. ಬಸ್ ಕಂಪನಿಯಲ್ಲಿ ಡ್ರೈವರುಗಳಿಗೆ ಸುರಕ್ಷಿತ ಚಾಲನೆ ಕಲಿಸುವ ಸಾಹೇಬರಲ್ಲವೇ. ಪಾಪ ಅನ್ನಿಸಿತು. ಹೇಳಿದೆ.

ಹೇಳಿದ್ದಕ್ಕಲ್ಲ ಸಿಟ್ಟು. ಆಮೇಲೆ ಅದನ್ನೇ ಕಥೆ ಮಾಡಿಕೊಂಡರಲ್ಲ! ನೆಂಟರು ಬಂದಾಗಲೆಲ್ಲಾ ಉಪ್ಪು ಖಾರ ಹಚ್ಚಿ ಹೇಳುತ್ತಾರೆ — "ನಾನು ಬ್ರೇಕು ಬ್ರೇಕು ಅಂತ ಬಾಯಿ ಬಡ್ಕೋತಿದೀನಿ, ಇವಳು ಆಕ್ಸಿಲರೇಟರ್ ಮೇಲೇ ನಿಂತ್ಬಿಟ್ಳು!" ಕ್ಲಾಸಿನಲ್ಲೂ ಇದೇ ಉದಾಹರಣೆಯಂತೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ. ನಾನು ಅವರಿಗೆಲ್ಲಾ ಕಾಫಿ ಕೊಡುತ್ತೇನೆ. ಅತ್ತೆ ಮಾವನವರ ಫೋಟೋ ನೋಡಿ ನಿಟ್ಟುಸಿರು ಬಿಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ವರ್ಷಗಟ್ಟಲೆ ನಡೆದಿದೆ ಇದು.

ಇನ್ನು ಸಾಕು. ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಇವರ ಬಾಯಿಂದಲೇ, ಅತ್ತೆಯ ಮುಂದೆ, ನಾದಿನಿಯ ಮುಂದೆ ನಿಜ ಹೊರಡಿಸುತ್ತೇನೆ. ಅಲ್ಲಿಯವರೆಗೆ ನನಗೆ ಸಮಾಧಾನವಿಲ್ಲ.

ಫೆಬ್ರವರಿ 8, ಶನಿವಾರ

ಶೋರೂಮ್. ದಂಡಯಾತ್ರೆ — ಇವರು, ಅತ್ತೆ, ಗುಡ್ಡದಿಂದ ಇಳಿದು ಬಂದ ನಾದಿನಿ, ಬಾಲಕ್ಕೆ ನಾನು. ಮೂರು ಗಾಡಿ ನೋಡಿದ್ದಾಯಿತು. ಹೆಸರೆಲ್ಲಾ ಒಂದೇ ಥರ ಇರುವುದರಿಂದ ನಾನೇ ಇಟ್ಟುಕೊಂಡಿದ್ದೇನೆ.

ಸುಂದರಿ: ಮೇಲೆ ಗಾಜಿನ ಚಾವಣಿ, ಒಳಗೆ ಬಣ್ಣದ ದೀಪ. ಮುಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಕೆಸರು ಕಂಡರೆ ಅಲ್ಲೇ ಕೂರುವ ಜಾತಿ. ನಾದಿನಿಗೆ ಇದರ ಮೇಲೆ ಪ್ರಾಣ.

ಜಾಣ: ನಾಲ್ಕೂ ಚಕ್ರ, ಆಟೋಮ್ಯಾಟಿಕ್, ತುಂಬಾ ಬಟನ್. ಇವರಿಗೆ ಇದೇ ಬೇಕು.

ಡಬ್ಬಿ: ಚೌಕ ಮುಖ, ಇದಕ್ಕೂ ನಾಲ್ಕೂ ಚಕ್ರ, ಕ್ಲಚ್ಚು-ಗೇರಿನ ಗಾಡಿ, ಗುಡ್ಡ ಹತ್ತಿಳಿಯುವ ಲೋ ಗೇರಿಗೆ ಬೇರೆಯದೇ ಒಂದು ಗಟ್ಟಿ ಲಿವರ್. ನೆಲದಿಂದ ಚೆನ್ನಾಗಿ ಎತ್ತರ. ತಿರುಗಿಸಲಿಕ್ಕೆ ಕಡಿಮೆ ಜಾಗ ಸಾಕು, ಅಂದರೆ ನನ್ನ ಪೇಷಂಟುಗಳ ಓಣಿಗಳಲ್ಲೂ ನುಗ್ಗುತ್ತದೆ. ಹಿಂದೆ ನನ್ನ ಚೆಂಡು, ಬೆಲ್ಟು, ಮಡಚುವ ಮೇಜು ಎಲ್ಲಾ ಹಿಡಿಯುತ್ತದೆ. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಆದರೆ ನನ್ನನ್ನು ಕೇಳುವವರು ಯಾರು.

ಸೇಲ್ಸ್ ಹುಡುಗಿ ಪಾಪ, "ಮೇಡಂ, ನೀವೂ ಟೆಸ್ಟ್ ಡ್ರೈವ್ ಮಾಡ್ತೀರಾ?" ಎಂದಳು.

ಇವರು, "ಅವಳಿಗೆ ಬೇಡಮ್ಮ, ಒಂದ್ಸಲ ಮಾಡಿ ಮುಗಿಸಿದ್ದಾಳೆ. ನಿಮ್ಮ ಗೋಡೆ ಉಳೀಬೇಕಲ್ಲ!" ಎಂದರು.

ಅವಳೂ ನಕ್ಕಳು. ಮೈಯೆಲ್ಲಾ ಉರಿದುಹೋಯಿತು.

ಫೆಬ್ರವರಿ 9

ಸಿಕ್ಕಿತು! ನಿನ್ನೆ ಉರಿಯುವ ಭರದಲ್ಲಿ ಗಮನಿಸಿರಲಿಲ್ಲ. ಇವತ್ತು ಮೇಷ್ಟ್ರ ಕಾಲು ಹಿಡಿದುಕೊಂಡಿದ್ದಾಗ ಹೊಳೆಯಿತು.

ಜಾಣನಲ್ಲಿ ಒಂದು ಬಟನ್ ಇದೆ. ಇಳಿಜಾರಿನಲ್ಲಿ ಒತ್ತಿದರೆ ಗಾಡಿ ತಾನೇ ಬ್ರೇಕ್ ಹಿಡಿದುಕೊಂಡು ಇಳಿಯುತ್ತದೆ. "ಕಾಲು ತೆಗೆದುಬಿಡಿ ಸರ್, ನೀವೇನೂ ಮಾಡೋದೇ ಬೇಡ" ಎಂದಳು ಹುಡುಗಿ. ಆಗ ಇವರ ಮುಖ ನೋಡಬೇಕಿತ್ತು. ಹೊಟ್ಟೆಗೆ ಹಾಲು ಹೊಯ್ದ ಹಾಗೆ. ಮೂರು ಸಲ ಕೇಳಿದರು, "ನಿಜವಾಗ್ಲೂ ಕಾಲೇ ಇಡೋದ್ ಬೇಡ್ವಾ?"

ಹೆದರಿಕೆ! ಆವತ್ತಿನಿಂದ ಇವರು ಒಂದೇ ಒಂದು ಕಡಿದಾದ ಇಳಿಜಾರು ಇಳಿದಿಲ್ಲ. ಗುಡ್ಡದ ಕೆಳಗೆ ಕಾರು ನಿಲ್ಲಿಸುವುದು, ಫ್ಲೈಓವರ್ ಬಿಟ್ಟು ಕೆಳಗಿನ ರಸ್ತೆ ಹಿಡಿಯುವುದು, ಬೇಸ್‌ಮೆಂಟ್ ಪಾರ್ಕಿಂಗ್ ಬೇಡವೆಂದು ಬೀದಿಯಲ್ಲಿ ಜಾಗ ಹುಡುಕುವುದು... ಎಲ್ಲಾ ಇದಕ್ಕೇ. ಊರಿಗೆಲ್ಲಾ ಚಾಲನೆ ಕಲಿಸುವ ಸಾಹೇಬರಿಗೆ ಇಳಿಜಾರು ಕಂಡರೆ ಕಾಲು ನಡುಗುತ್ತದೆ.

ಸರಿ ಹಾಗಾದರೆ. ಆ ಬಟನ್ ಇಲ್ಲದ ಗಾಡಿಯೇ ಬರುತ್ತದೆ ನಮ್ಮ ಮನೆಗೆ. ಡಬ್ಬಿಯೇ. ನನ್ನ ಹೆಸರು ಹೇಳದೆ ತರಿಸುತ್ತೇನೆ.

ಫೆಬ್ರವರಿ 11

ಅತ್ತೆಗೆ ಮಂಡಿಗೆ ಎಣ್ಣೆ ಹಚ್ಚುತ್ತಾ ಶುರು ಮಾಡಿದೆ. "ಜಾಣನ... ಆ ನೀಲಿ ಗಾಡಿ ಸೀಟು ತುಂಬಾ ತಗ್ಗು ಅತ್ತೆ. ಏಳುವಾಗ ನಿಮ್ಮ ಮಂಡಿಗೆ ಕಷ್ಟ. ಆ ಚೌಕದ್ದರಲ್ಲಿ ಹಿಡಿ ಇದೆ, ಮೆಟ್ಟಿಲಿದೆ, ರಾಣಿ ಥರ ಹತ್ತಬಹುದು." ಸುಳ್ಳಲ್ಲ. ಆದರೆ ನಾನು ಹೇಳಿದ್ದು ಮಂಡಿಯ ಮೇಲಿನ ಪ್ರೀತಿಯಿಂದಲೂ ಅಲ್ಲ.

ಫೆಬ್ರವರಿ 13

ನಾದಿನಿಗೆ ಫೋನ್. ಬೆಣ್ಣೆ ಹಚ್ಚಿದೆ. "ಅಕ್ಕಾ, ನಿಮ್ಮ ಗುಡ್ಡಕ್ಕೆ ಗ್ಯಾಸ್ ಸಿಲಿಂಡರು, ಸಿಮೆಂಟು ಮೂಟೆ ಎಲ್ಲಾ ತಂದುಕೊಡಬಹುದು ಚೌಕದ್ದಾದರೆ. ಗಾಜಿನ ಚಾವಣಿ ತಗೊಂಡು ಏನ್ಮಾಡ್ತೀರಿ, ನೀವಿರೋದೇ ಆಕಾಶದಲ್ಲಿ!" ಅರ್ಧ ಗಂಟೆಯಲ್ಲಿ ತಮ್ಮನಿಗೆ ಫೋನ್ ಹೋಯಿತು.

ಫೆಬ್ರವರಿ 16, ಭಾನುವಾರ

ಇವರು ಒಬ್ಬರೇ ಒಂದು ಕಡೆ, ಇಡೀ ಮನೆ ಇನ್ನೊಂದು ಕಡೆ. "ಅಮ್ಮಾ, ಆ ನೀಲಿದು ಸೇಫ್ಟಿಗೆ ಒಳ್ಳೇದು, ಡಿಸೆಂಟ್ ಕಂಟ್ರೋಲ್ ಅಂತ, ಇಳಿಜಾರಲ್ಲಿ ತಾನೇ ಬ್ರೇಕ್ ಹಿಡಿಯೋ ಬಟನ್ ಇದೆ..."

"ಅದ್ಯಾಕೋ ನಿನಗೆ? ನೀನೇನು ಇವಳಾ? ಇಡೀ ಊರಿಗೆ ಬ್ರೇಕ್ ಹಿಡಿಯೋದು ಕಲಿಸ್ತೀಯಾ!" ಅತ್ತೆ.

ಇಂಗು ತಿಂದ ಮಂಗನ ಹಾಗೆ ಕೂತರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಕ್ಕೆ. ಮದುವೆಯಾದ ಮೇಲೆ ಅತ್ತೆಯನ್ನು ಮುದ್ದಾಡಬೇಕು ಅನ್ನಿಸಿದ್ದು ಇದೇ ಮೊದಲು.

ಡಬ್ಬಿ ಬುಕ್ ಆಯಿತು. ಬೂದು ಬಣ್ಣ.

ಫೆಬ್ರವರಿ 17

ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಿದ್ದವರ ಮುಂದೆ ನಿಂತು ನೇರವಾಗಿ ಹೇಳಿದೆ. "ಗಾಡಿ ಮನೆಗೆ ಬರೋ ದಿನ ಎಲ್ಲರ ಮುಂದೆ ನಿಜ ಹೇಳ್ಬೇಕು. ಇಲ್ಲಾಂದ್ರೆ ನಿಮ್ಮ ಕ್ಲಾಸಿಗೇ ಬಂದು ಹಿಂದಿನ ಬೆಂಚಲ್ಲಿ ಕೂತ್ಕೋತೀನಿ. ಆ ಉದಾಹರಣೆ ಬಂದಾಗ ಕೈ ಎತ್ತುತ್ತೀನಿ."

"ಈಗ ಯಾಕೆ ಅದೆಲ್ಲಾ? ಮರೆತುಹೋದ ವಿಷಯ."

"ಯಾರಿಗ್ರೀ ಮರೆತಿದೆ?"

ಲೇಸು ಕಟ್ಟದೆ ಹೊರಟುಹೋದರು.

ಮಾರ್ಚ್ 14, ಶುಕ್ರವಾರ

ಗಾಡಿ ಬಂತು. ಹೇಗೆ ಬರೆಯಲಿ. ಪೆನ್ನು ಮುರಿಯುವಷ್ಟು ಸಿಟ್ಟು ಬರುತ್ತಿದೆ.

ಎಲ್ಲರೂ ಹಾಲ್‌ನಲ್ಲಿ ಕೂತಿದ್ದೆವು. ನಾನು ಇವರನ್ನೇ ದಿಟ್ಟಿಸುತ್ತಿದ್ದೆ. ಕೊನೆಗೂ ಗಂಟಲು ಸರಿಮಾಡಿಕೊಂಡರು. "ಅಮ್ಮಾ... ಒಂದು ಮಾತು. ಆವತ್ತು ಅಪ್ಪನ ಕಾರು... ಇವಳಲ್ಲ ಓಡಿಸ್ತಿದ್ದದ್ದು. ನಾನು."

ಹೇಳಿದರು! ನನ್ನ ಎದೆ ತಣ್ಣಗಾಯಿತು. ಎಷ್ಟು ಹೊತ್ತು? ಒಂದು ಗುಟುಕು ಕಾಫಿಯಷ್ಟು ಹೊತ್ತು.

ಅತ್ತೆಯ ಕಣ್ಣಲ್ಲಿ ನೀರು. ಎದ್ದು ಬಂದು ಮಗನ ತಲೆ ಸವರಿದರು. "ಅಯ್ಯೋ ನನ್ನ ಬಂಗಾರಾ! ಹೊಸ ಗಾಡಿ ಬಂದ ದಿನ ಹೆಂಡ್ತಿನ ಯಾರೂ ಆಡ್ಕೋಬಾರ್ದು ಅಂತ ತಪ್ಪು ನಿನ್ನ ಮೇಲೆ ಹಾಕ್ಕೋತೀಯಾ? ನಿಮ್ಮಪ್ಪಂದೇ ಗುಣ." ಆಮೇಲೆ ನನ್ನ ಕಡೆ ತಿರುಗಿ, "ಪುಣ್ಯ ಮಾಡಿದ್ದೆ ಕಣೇ ಇಂಥಾ ಗಂಡನ್ನ ಪಡೆಯೋಕೆ."

"ನಿಜ ಅತ್ತೆ! ಇವರೇ ಓಡಿಸ್ತಿದ್ದಿದ್ದು!" ಎಂದು ಕೂಗಿಯೇಬಿಟ್ಟೆ.

ನಾದಿನಿ ಬಿಸ್ಕತ್ತು ಕೆಳಗಿಟ್ಟರು. "ಅವನೇನೋ ದೊಡ್ಡ ಮನಸ್ಸಿಂದ ಹೇಳ್ದ. ಅದನ್ನೇ ಗಬಕ್ಕಂತ ಹಿಡ್ಕೊಂಡ್ಯಲ್ಲ, ಸ್ವಲ್ಪನಾದ್ರೂ ನಾಚ್ಕೆ ಬೇಡ್ವಾ?"

ಈ ಮನುಷ್ಯ ಏನು ಮಾಡಿದರು? ಇನ್ನೊಮ್ಮೆ ಹೇಳಿದರಾ? ಇಲ್ಲ. ತಲೆ ತಗ್ಗಿಸಿ, ಒಳ್ಳೆಯವರ ಥರ ಸಣ್ಣಗೆ ನಕ್ಕು, ಕಾಫಿ ಮುಗಿಸಿದರು. ಮೊದಲನೇ ಸುಳ್ಳನ್ನು ಹೆದರಿ ಹೇಳಿಸಿದ್ದರು. ಇದನ್ನು ಸವಿದು ನುಂಗಿದರು.

ಮಾರ್ಚ್ 15

ಅಡುಗೆಗೆ ಉಪ್ಪಿಲ್ಲ, ಬೇಕೆಂದೇ.

ಮಾರ್ಚ್ 29, ಶನಿವಾರ, ಸಂಜೆ ನಾಲ್ಕೂವರೆ

ಗುಡ್ಡದ ಬುಡ. ಡಬ್ಬಿಯೊಳಗೆ ಒಬ್ಬಳೇ ಕೂತಿದ್ದೇನೆ. ಪೇಷಂಟುಗಳ ಬ್ಯಾಗಿನಲ್ಲಿ ಈ ಡೈರಿ ಇತ್ತು, ಒಳ್ಳೆಯದಾಯಿತು.

ಬೆಳಿಗ್ಗೆ ಇವರೇ ಓಡಿಸಿಕೊಂಡು ಹತ್ತಿದರು. ಹತ್ತುವುದಕ್ಕೇನು, ಲೋ ಗೇರ್ ಹಾಕಿದರೆ ಡಬ್ಬಿ ಗೋಡೆಯನ್ನೂ ಹತ್ತೀತು. ಅತ್ತೆ ದಾರಿಯುದ್ದಕ್ಕೂ ಮಗನ ಗುಣಗಾನ. ಊಟವಾಯಿತು. ಅಕ್ಕನ ಜೀಪು ರಿಪೇರಿಗೆ ಹೋಗಿದೆ, ಅವರಿಗೂ ಪೇಟೆಯಲ್ಲಿ ಕೆಲಸ, ನಮ್ಮ ಜೊತೆಗೇ ಹೊರಟರು. ಇವರು ಗೇಟು ದಾಟಿಸಿದರು, ಮೊದಲ ತಿರುವು ದಾಟಿಸಿದರು. ಎರಡನೆಯದರಲ್ಲಿ ದಾರಿ ಧೊಪ್ಪನೆ ಕೆಳಗೆ ಬೀಳುತ್ತದೆ. ಅಲ್ಲಿ ನಿಲ್ಲಿಸಿದರು. ಬೆವರು. ಬಲಗಾಲಿನ ಹಿಮ್ಮಡಿ ಟಕಟಕ ಕುಣಿಯುತ್ತಿತ್ತು. "ತಲೆ ಸುತ್ತುತ್ತೆ" ಎಂದು ಇಳಿದರು.

ನಾನು ಆ ಸೀಟಿಗೆ ಹೋಗಿ ಕೂತೆ. ಕೂತದ್ದೇ ತಡ, ಹಿಂದಿನ ಎರಡೂ ಬಾಗಿಲು ಒಟ್ಟಿಗೇ ತೆರೆದುಕೊಂಡವು.

"ಇಳಿಜಾರಲ್ಲಿ ಇವಳ ಕೈಲಾ? ಬೇಡಪ್ಪಾ, ಮೊಮ್ಮಕ್ಕಳ್ನ ನೋಡ್ಬೇಕು ನಾನು" ಅತ್ತೆ.

"ನಡ್ಕೊಂಡೇ ಇಳಿಯೋಣ ಅಮ್ಮಾ. ಇಲ್ಲಾ ಇವನೇ ಸುಧಾರಿಸ್ಕೊಂಡು ಓಡಿಸ್ಲಿ" ನಾದಿನಿ.

ಮೂವರೂ ರಸ್ತೆಯಲ್ಲಿ. ಕಿಟಕಿ ಇಳಿಸಿ ಇವರಿಗೆ ಹೇಳಿದೆ: "ಓಡಿಸಿ. ಇಲ್ಲಾ ಯಾಕೆ ಓಡಿಸಲ್ಲ ಅಂತ ಅವರಿಗೆ ಹೇಳಿ. ಈ ಸಲ ಅವರು ನಂಬೋ ಹಾಗೆ ಹೇಳಿ. ಕೆಳಗೆ ಕಾಯ್ತಿರ್ತೀನಿ. ಮೇಲಿಂದ ಬರೋರು ಸುಳ್ಳು ಇಟ್ಕೊಂಡು ಬಂದ್ರೆ ಈ ಗಾಡಿ ಹತ್ತಿಸಲ್ಲ, ನೆನಪಿರ್ಲಿ."

ಲೋ, ಒಂದನೇ ಗೇರು. ಪೆಡಲು ಬಿಟ್ಟು ಎರಡೂ ಕಾಲು ಕೆಳಗಿಟ್ಟುಕೊಂಡೆ. ಎಂಜಿನ್ನೇ ಗುರ್ರೆನ್ನುತ್ತಾ ಹಿಡಿದುಕೊಂಡು ಇಳಿಸಿತು, ತಿರುವಿಗೆ ತಿರುವು, ಒಂದು ಕಲ್ಲೂ ಜಾರಲಿಲ್ಲ. ಯಾರೂ ನೋಡಲಿಲ್ಲ. ಬೇಜಾರಿಲ್ಲ. ಕೆಳಗೆ ಬಂದು ಹ್ಯಾಂಡ್‌ಬ್ರೇಕ್ ಎಳೆದೆ.

ಇಲ್ಲಿಂದ ಅವರು ಕಾಣುತ್ತಿದ್ದಾರೆ. ಅತ್ತೆ ಮುಂದೆ, ಹಿಂದೆ ನಾದಿನಿ, ಎಲ್ಲರಿಗಿಂತ ಹಿಂದೆ ಇವರು. ನಡೆಯಲಿ. ಮಂಡಿ ನೋಯಲಿ, ನಾಳೆ ನಾನೇ ಎಣ್ಣೆ ಹಚ್ಚುತ್ತೇನೆ.

ನಿಂತರು. ಇಲ್ಲಿಗೆ ಹತ್ತಿರದ ಕೊನೆಯ ತಿರುವಿನಲ್ಲಿ ಇವರು ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತರು. ಸುಸ್ತಾಯಿತೇನೋ. ಇಲ್ಲ... ಎರಡೂ ಕೈ ಎತ್ತಿದ್ದಾರೆ. ಸ್ಟೇರಿಂಗ್ ಹಿಡಿದ ಹಾಗೆ. ಮಾತು ಕೇಳಿಸುತ್ತಿಲ್ಲ. ಬಲಗಾಲು ಎಡಕ್ಕೆ ಹೋಯಿತು, ಅರ್ಧದಲ್ಲೇ ತಡವರಿಸಿತು, ಬಲಕ್ಕೆ ಜಾರಿತು. ಒತ್ತಿದರು. ಹಿಮ್ಮಡಿ ನೆಲ ಬಿಡುವ ಹಾಗೆ ಒತ್ತಿದರು. ತೆಗೆಯಲು ಆಗುತ್ತಿಲ್ಲ ಎಂದು ಕೈಯಿಂದ ತೊಡೆ ಹಿಡಿದು ತೋರಿಸುತ್ತಿದ್ದಾರೆ. ಆವತ್ತೂ ಹಾಗೇ ಹಿಡಿದುಕೊಂಡಿದ್ದರು. ನಾನದನ್ನು ಯಾರಿಗೂ ಹೇಳಿರಲಿಲ್ಲ. ಓಡಿಸಿದವರಿಗಲ್ಲದೆ ಅದು ಬರುವುದಿಲ್ಲ.

ಅತ್ತೆ ಆ ಕಾಲನ್ನೇ ನೋಡುತ್ತಿದ್ದಾರೆ. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡರು. ಇವರು ಮುಖ ಮುಚ್ಚಿಕೊಂಡು ಅಳುತ್ತಿರುವ ಹಾಗಿದೆ. ಅಳಲಿ. ನನಗೆ ಪಾಪ ಅನ್ನಿಸುತ್ತಿಲ್ಲ. ಆವತ್ತು ಅನ್ನಿಸಿದ್ದೇ ಸಾಕು.

ಅತ್ತೆ ಮಗನ ತಲೆ ಸವರಲಿಲ್ಲ. ಇವರು ಚಾಚಿದ ಕೈ ಕೊಡವಿಕೊಂಡು ಒಬ್ಬರೇ ಇಳಿದು ಬರುತ್ತಿದ್ದಾರೆ, ಬಿರಬಿರನೆ. ಬಂದರು. ಹಿಂದಿನ ಬಾಗಿಲಿಗಲ್ಲ, ಮುಂದಿನದಕ್ಕೆ. ಹಿಡಿ ಹಿಡಿದುಕೊಂಡು ಹತ್ತಿ ನನ್ನ ಪಕ್ಕ ಕೂತರು. ಏದುಸಿರು. ನನ್ನ ಮುಖ ನೋಡಲಾಗುತ್ತಿಲ್ಲ ಅವರಿಗೆ, ಮುಂದಿನ ಗಾಜನ್ನೇ ನೋಡುತ್ತಿದ್ದಾರೆ. ಬೆಲ್ಟು ಎಳೆದು ಸಿಕ್ಕಿಸಿಕೊಂಡರು.

"ಅದೇನ್ ಬರೀತಾ ಕೂತಿದೀಯಾ? ಗಾಡಿ ತೆಗಿ. ಅವನು ನಡ್ಕೊಂಡೇ ಬರ್ಲಿ ಮನೇವರ್ಗೂ" ಎನ್ನುತ್ತಿದ್ದಾರೆ. ಒಂದು ನಿಮಿಷ ಅತ್ತೆ, ಇದೊಂದು ಸಾಲು ಬರೆದು