ಅರ್ಧ ಬಂದ ಫೋಟೊ

ನನ್ನವಳಿಗೆ,

ಇದನ್ನು ಕೇಬಲ್ ಲಾರಿಯ ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಮೊಬೈಲ್ ಟವರ್ ನಿಲ್ಲಿಸಲು ಬಂದವನಿಗೇ ಇಲ್ಲಿ ನೆಟ್‌ವರ್ಕ್ ಇಲ್ಲ, ನಗಬೇಡ. ನಮ್ಮ ಟವರ್ ಚಾಲೂ ಆಗಲು ಇನ್ನೂ ಹದಿನೈದು ದಿನ ಬೇಕು.

ನಿನ್ನೆ ಮೇಸ್ತ್ರಿಯ ಕಣ್ಣು ತಪ್ಪಿಸಿ, ಫೋನನ್ನು ಗ್ಲೌಸಿನೊಳಗೆ ತುರುಕಿಕೊಂಡು ತುದಿಗೆ ಹತ್ತಿದೆ. ದೂರದ ಯಾವುದೋ ಟವರಿನಿಂದ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು. ನಿನ್ನ ಎರಡು ಮೆಸೇಜ್ ಒಟ್ಟಿಗೇ ಬಂದವು: "ಆಸ್ಪತ್ರೆಗೆ ಬಂದಿದ್ದೀನಿ", "ಫೋಟೊ ನೋಡಿದ್ರಾ?" ಅಷ್ಟರಲ್ಲಿ ಮೇಸ್ತ್ರಿ ಕೆಳಗಿನಿಂದ, "ಫೋನ್ ಹಿಡ್ಕೊಂಡು ಹತ್ತಿದ್ದೀಯೇನೋ? ಇಳಿಯೋ!" ಎಂದು ಕೂಗಿದ. ಗಡಿಬಿಡಿಯಲ್ಲಿ "ನೋಡಿದೆ, ತುಂಬಾ ಚೆನ್ನಾಗಿದೆ" ಎಂದು ಕಳಿಸಿಬಿಟ್ಟೆ.

ಇಳಿದು ನೋಡಿದರೆ, ಫೋಟೊ ಬಂದದ್ದು ಅರ್ಧವೇ. ಫ್ಯಾನು, ಕಿಟಕಿ, ನಿನ್ನ ಕೂದಲು, ನಿನ್ನ ಒದ್ದೆ ಕಣ್ಣು. ಅದರ ಕೆಳಗೆಲ್ಲ ಬೂದಿ ಬಣ್ಣ. ನಗುತ್ತಿದ್ದೀಯೋ ಅಳುತ್ತಿದ್ದೀಯೋ, ಒಂದೂ ತಿಳಿಯುತ್ತಿಲ್ಲ. ಹೆರಿಗೆಗೆ ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಒಂದು ತಿಂಗಳಿದೆಯಲ್ಲವೇ?

ಫೋನನ್ನು ಮೇಸ್ತ್ರಿ ಕಸಿದಿಟ್ಟುಕೊಂಡಿದ್ದಾನೆ. ರಜೆ ಕೇಳಿದರೆ, "ಆಂಟೆನಾ ಕೂರ್ಲಿ, ಆಮೇಲೆ ನೋಡೋಣ" ಅಂದ.

ಡ್ರೈವರಣ್ಣ ನಾಳೆಯೇ ವಾಪಸ್ ಬರುತ್ತಾನೆ. ನಿಮ್ಮಮ್ಮನ ಕೈಯಲ್ಲಾದರೂ ಎರಡು ಸಾಲು ಬರೆಸಿ ಕಳಿಸು. ನಾನು ಚೆನ್ನಾಗಿದೆ ಅಂದದ್ದು ಯಾವುದಕ್ಕೆ?

ಇಂತಿ,
ನಿನ್ನವನು