ಗೇಟಿನ ಮುಂದೆ ಹಾದುಹೋದ ನೀರು

ಮಾಲಕಿ ಮಾವನಿಗೆ,

ನಿಮ್ಮ ಮೇಲೆ ಬರೀ ಸಿಟ್ಟಿದ್ದಿದ್ದರೆ ಫೋನ್ ಮಾಡಿ ಕೂಗಾಡಿಬಿಡುತ್ತಿದ್ದೆ. ಇದು ಸಿಟ್ಟಲ್ಲ, ಹೇಸಿಗೆ. ಫೋನಿನಲ್ಲಾದರೆ ಆ ರಾಯಭಾರಿ ದನಿಯಲ್ಲಿ ನೀವು ಎರಡು ಮಾತಾಡಿ ಅದನ್ನೂ ಕರಗಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳವಾರ ಕಾನ್ಲೆತ್ ಮನೆಗೆ ಬಂದಿದ್ದ. ನಿಮ್ಮ ಹೆಸರಿನಲ್ಲಿ ಊರಿನವರು ಪ್ರತಿ ಬೇಸಿಗೆ ನಡೆಸುವ ಕಾವ್ಯ ಶಿಬಿರಕ್ಕೆ ಈಗ ಅವನೇ ಅಧ್ಯಕ್ಷ. ಕೈಯಲ್ಲೊಂದು ತಗಡಿನ ಬಕೆಟ್. ಗಾಲ್ವೇ ಪಟ್ಟಣದ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದನಂತೆ. ಉದ್ಘಾಟನೆಯ ದಿನ ಟಿವಿಯವರು ಬರುತ್ತಾರೆ, ನೀವು ನಮ್ಮ ಮನೆಯ ಹಿತ್ತಲಲ್ಲಿ ನಿಂತು ನಿಮ್ಮ ಆ ಪ್ರಸಿದ್ಧ ಬಾವಿಯ ಕವಿತೆ ಓದುತ್ತೀರಿ, ಆಗ ನಿಮ್ಮ ತಂಗಿ ಫಿಲ್, ಅಂದರೆ ನನ್ನ ಅಮ್ಮ, ಎರಡು ಹೊಲ ದಾಟಿ ಬಾವಿಯಿಂದ ನೀರು ಹೊತ್ತು ಬರಬೇಕು. ಅಜ್ಜಿ ಬರುತ್ತಿದ್ದ ಹಾಗೆ. "ಅರ್ಧ ಬಕೆಟ್ ಸಾಕು, ಫಿಲ್. ಆದ್ರೆ ನೀರು ತುಳುಕೋದು ಕಾಣ್ಬೇಕು. ಹಿಂದಿನ ಗೋಡೆ ನಲ್ಲಿಗೆ ನಾವು ಗೋಣಿ ಹೊದಿಸ್ತೀವಿ" ಅಂದ.

ಅಮ್ಮ ಟೀ ಕೆಟಲ್ ಕೆಳಗಿಟ್ಟಳು. "ಕಾನ್ಲೆತ್, ನಂಗೀಗ ಎಪ್ಪತ್ತಾರು. ಸೊಂಟದಲ್ಲಿರೋದು ಡಾಕ್ಟರು ಕೂರಿಸಿದ ಕಬ್ಬಿಣ. ನೀರು ಹೊರೋ ಹೆಂಗಸೇ ಬೇಕು ಅಂದ್ರೆ ನಿನ್ ಹೆಂಡ್ತೀನ ಕಳ್ಸು, ಅವಳು ಜಿಮ್‌ಗೆ ಹೋಗ್ತಾಳಲ್ಲ."

ಅವನು ನಕ್ಕು, ಇನ್ನೊಂದು ತುಂಡು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, "ಇದು ಮಾಲಕಿಯವರದ್ದೇ ಆಸೆ" ಅಂದ. ಅಮ್ಮನ ಮುಖ ಬದಲಾಯಿತು. "ಅವನೇ ಹೇಳಿದ್ನಾ?" "ಅವರೇ." "ಹಾಗಾದ್ರೆ ನೋಡೋಣ."

ಅವನು ಹೋದ ಮೇಲೆ ಅಮ್ಮ ಟೀ ಕಪ್ಪುಗಳನ್ನು ಒರೆಸುತ್ತಾ ತಮಾಷೆ ಎಂಬಂತೆ ಒಂದು ಕಥೆ ಹೇಳಿದಳು. ನಿಮಗದು ಮರೆತಿರಲಾರದು. ಊರ ಹೆಂಗಸರೆಲ್ಲ ಸಂಘ ಕಟ್ಟಿಕೊಂಡು, ಮನೆಮನೆಗೆ ನಲ್ಲಿ ಬರಲಿ ಎಂದು ಬಾಗಿಲು ಬಾಗಿಲು ತಿರುಗಿದ ಚಳಿಗಾಲ. ಅಮ್ಮನಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಗಂಡಸರಿಗೆ, ನಲ್ಲಿ ಬಂದರೆ ಕಂದಾಯ ಏರುವ ಭಯ. ಅಜ್ಜ ಮಾತ್ರ ಅರೆಮನಸ್ಸಿನಲ್ಲಿ ಒಪ್ಪಿದ್ದರು. ಅಷ್ಟರಲ್ಲಿ ವಿದೇಶಾಂಗ ಇಲಾಖೆಗೆ ಹೊಸದಾಗಿ ಸೇರಿ ಬ್ರಸೆಲ್ಸಿನಲ್ಲಿದ್ದ ನೀವು ಉದ್ದನೆಯ ಕೋಟು ಹಾಕಿಕೊಂಡು ಕ್ರಿಸ್‌ಮಸ್ಸಿಗೆ ಬಂದಿರಿ. "ಬೇಡಪ್ಪ. ಕಂದಾಯದ ಮಾತು ಬಿಡು. ಅಮ್ಮ ಬಾವಿಯಿಂದ ಬರೋ ಆ ಸದ್ದು ಇಲ್ದೆ ಇದು ನಮ್ಮನೆ ಅನ್ಸುತ್ತಾ?" ಅಂದಿರಂತೆ. ಓದಿದ ಮಗನ ಮಾತು. ಅಜ್ಜ ಆಗುವುದಿಲ್ಲ ಎಂದರು. ಪೈಪು ನಮ್ಮ ಗೇಟಿನ ಮುಂದೆಯೇ ಹಾದು ಪಕ್ಕದವರ ಮನೆಗೆ ಹೋಯಿತು. ಅಜ್ಜ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಓಡಾಡಿ ನಲ್ಲಿ ಹಾಕಿಸುವ ಹೊತ್ತಿಗೆ ಅಜ್ಜಿಯ ಬೆನ್ನು ಬಾಗಿಹೋಗಿತ್ತು. ನಿಮ್ಮನೆಗೆ ಯಾಕೆ ಆಗಲೇ ನಲ್ಲಿ ಬರಲಿಲ್ಲ ಎಂದು ಯಾರಾದರೂ ಕೇಳಿದರೆ ಅಜ್ಜಿ, "ಪೈಪು ಸಾಲ್ಲಿಲ್ಲ" ಅನ್ನುತ್ತಿದ್ದರಂತೆ.

ಆ ಚಳಿಗಾಲದಲ್ಲೇ ಅಲ್ಲವೆ ನೀವು ಕವಿತೆ ಬರೆದದ್ದು? ಮೊದಲ ಸಾಲು ಬ್ರಸೆಲ್ಸಿನ ಮನೆಯಲ್ಲಿ, ಬಿಸಿನೀರಿನ ತೊಟ್ಟಿಯಲ್ಲಿ ಮಲಗಿದ್ದಾಗ ಹೊಳೆಯಿತು ಎಂದು ನೀವೇ ರೇಡಿಯೋದಲ್ಲಿ ನಗುತ್ತ ಹೇಳಿದ್ದಿರಿ. ನಾನೂ ನಕ್ಕಿದ್ದೆ.

ವರ್ಷವರ್ಷವೂ ಅದನ್ನು ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಜ್ಜಿಯ ಹೆಜ್ಜೆಗೆ ನೀರು ತಾಳ ಹಾಕುವ ಸಾಲು ಬಂದಾಗ ತರಗತಿ ತಾನಾಗಿ ಸುಮ್ಮನಾಗುತ್ತದೆ. ನಿನ್ನೆ ಮತ್ತೆ ಓದಿದೆ, ಬೇಕೆಂದೇ, ಕೆಟ್ಟದಾಗಿ ಕಾಣಲಿ ಎಂದು. ಕಾಣಲಿಲ್ಲ. ಕವಿತೆ ಕೆಟ್ಟದಾಗಿದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು, ಮಾವ.

ನ್ಯಾಯವಾಗಿ ಯೋಚಿಸಲೂ ನೋಡಿದೆ. ನಿಮಗೆ ಆಗ ಇಪ್ಪತ್ತನಾಲ್ಕು. ನೀವು ಬಾಯಿ ಬಿಡದಿದ್ದರೂ ಅಜ್ಜ ಕೊನೆಗೆ ಹಿಂದೆ ಸರಿಯುತ್ತಿದ್ದರೇನೋ. ಪರದೇಶದ ಜೈಲುಗಳಲ್ಲಿ ಸಿಕ್ಕಿಬಿದ್ದ ನಮ್ಮ ಹುಡುಗರಿಗಾಗಿ ನೀವು ಎಷ್ಟು ಬಾಗಿಲು ತಟ್ಟಿದ್ದೀರಿ ಎಂಬುದೂ ಗೊತ್ತು. ಹುಡುಗುತನದ ಮಾತನ್ನು ನುಂಗಿಕೊಳ್ಳಬಹುದು. ಆದರೆ ಈ ಬಕೆಟ್ ಈ ವರ್ಷದ್ದು. ಎಲ್ಲ ಗೊತ್ತಿದ್ದೂ ಕೇಳಿದ್ದೀರಿ.

ನಿನ್ನೆ ಶಾಲೆಯಿಂದ ಬಂದರೆ ಅಮ್ಮ ಮನೆಯಲ್ಲಿಲ್ಲ. ಹೊಲದಲ್ಲಿ ಬಕೆಟ್ ಹಿಡಿದು ಅಭ್ಯಾಸ ನಡೆಸಿದ್ದಳು. ನಾಲ್ಕು ಹೆಜ್ಜೆ ಇಡುವುದು, ಬೇಲಿಗೆ ಒರಗುವುದು. ನಾನು ಬಕೆಟ್ಟಿಗೆ ಕೈ ಹಾಕಿದೆ. "ಬಿಡು ಡರ್ವ್ಲಾ. ಅವನು ನನ್ ಹತ್ರ ಇದುವರೆಗೂ ಏನೂ ಕೇಳಿದವನಲ್ಲ." "ನಿಮ್ಮಮ್ಮನ ಹತ್ರ ಕೇಳಿದ್ದ" ಅಂದೆ. "ನಿಂಗೆ ಓದು ಜಾಸ್ತಿಯಾಯ್ತು" ಅಂದಳು. ಮತ್ತೆ ನಾಲ್ಕು ಹೆಜ್ಜೆ ಇಟ್ಟು, ನನ್ನ ಕಡೆ ನೋಡದೆ, "ಜನ ಯಾವಾಗ್ಲೂ ಅವನನ್ನ ನೋಡೋಕೆ ಬರ್ತಾರೆ. ಒಂದಿನ ನನ್ನೂ ನೋಡ್ಲಿ ಬಿಡು" ಅಂದಳು.

ರಾತ್ರಿ ನಿಮ್ಮ ಪುಸ್ತಕಗಳನ್ನೆಲ್ಲ ತಿರುವಿದೆ. ಬಾವಿ ಇದೆ, ಅಜ್ಜಿ ಇದ್ದಾರೆ, ಅಜ್ಜನ ಟೋಪಿ ಕೂಡ ಇದೆ. ಆ ಮನೆಗೆ ನೀರು ತಂದವಳು ಎಲ್ಲೂ ಇಲ್ಲ. ಇಷ್ಟು ವರ್ಷವಾದ ಮೇಲೆ ಅವಳಿಗೆ ನೀವು ಹುಡುಕಿಕೊಟ್ಟ ಜಾಗ, ಬಕೆಟ್ಟಿನ ಕೆಳಗೆ.

ನಾನು ಬೇಡ ಎಂದರೆ ಅವಳಿಗದು ನನ್ನ ಹೊಟ್ಟೆಕಿಚ್ಚು. ನೀವು ಬೇಡ ಎಂದರೆ ಕೇಳುತ್ತಾಳೆ. ಫೋನ್ ಮಾಡಿ. ಬಕೆಟ್ ಬೇಡ ಫಿಲ್, ನನ್ನ ಪಕ್ಕ ಬಂದು ನಿಲ್ಲು ಅನ್ನಿ. ಕವಿತೆ ಓದುವ ಮೊದಲು, ಈ ಮನೆಗೆ ನಲ್ಲಿ ತಂದವಳು ಇವಳು ಎಂದು ಜನರಿಗೆ ಹೇಳಿ. ತಡೆದವರು ಯಾರೆಂದು ನೀವು ಹೇಳಬೇಕಿಲ್ಲ, ನಾನೂ ಹೇಳುವುದಿಲ್ಲ. ಅಜ್ಜಿ ಮುಚ್ಚಿಟ್ಟದ್ದನ್ನು ಬಿಚ್ಚುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು.

ಫೋನ್ ಮಾಡದಿದ್ದರೆ ಅವಳು ಹೊತ್ತೇ ಹೊರುತ್ತಾಳೆ. ನಿಮ್ಮ ಕವಿತೆ ಎಂದಿನಂತೆ ಚೆನ್ನಾಗಿಯೇ ಕೇಳಿಸುತ್ತದೆ, ಜನ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಮಾತ್ರ ಅವಳ ಬೆನ್ನಿಗೇ, ಎಡವಿದರೆ ಹಿಡಿದುಕೊಳ್ಳಲು ಎರಡೂ ಕೈ ಚಾಚಿಕೊಂಡು ನಡೆಯುತ್ತಿರುತ್ತೇನೆ. ಟಿವಿಯವರ ಚಿತ್ರ ಕೆಡುತ್ತದೆ. ಕೆಡಲಿ.

ದೇವರು ನಿಮಗೆ ಆಯುಸ್ಸು ಕೊಡಲಿ, ಅದರಲ್ಲಿ ಐದು ನಿಮಿಷ ನಿಮ್ಮ ತಂಗಿಗೂ ಸಿಗಲಿ.

ಇಂತಿ,
ಫಿಲೊಮಿನಾಳ ಮಗಳು
ಡರ್ವ್ಲಾ